ಚಳಿ ಬಾರದ ಮಾಘ

ಹನಿ ಬೀಳುತ್ತಿದೆ, ಇಲ್ಲ, ಬೀಳುವ ಮುಂಚೆ ಒಂದು ಗಳಿಗೆ ದುಂಡಗೆ ತೂಗುತ್ತದೆ, ಆಮೇಲೆ ಸಲೈನ್ ಪೈಪಿನೊಳಗೆ ಜಾರಿ ಪದ್ಮಶ್ರೀಯ ತೋಳಿಗೆ ತಣ್ಣಗೆ ಇಳಿಯುತ್ತದೆ, ಇದು ದಾವಣಗೆರೆಯ ಆಸ್ಪತ್ರೆ, ಹರಿಹರದ ಮನೆಯಲ್ಲ, ಆದರೂ ಕಣ್ಣು ಮುಚ್ಚಿದರೆ ಹೊಳೆಯೇ, ಬಂಡೆ ಎದ್ದ ತುಂಗಭದ್ರೆ, ಅಲ್ಲಲ್ಲಿ ಪಾಚಿ ಕಟ್ಟಿದ ಮಡು — ಹೊಟ್ಟೆಯಲ್ಲಿ ಕೂಸು ಒದ್ದಿತು, ಒದೀತಾ ಇರು ಕಂದಾ, ನಿನಗಿನ್ನೂ ತಿಂಗಳು ತುಂಬಿಲ್ಲ. ಕೀಲು ಕೀಲಲ್ಲಿ ನೋವು, ಯಾರೋ ಮೂಳೆಗಳನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದಾರೆ, ಡೆಂಗಿ ಅಂದರು ಡಾಕ್ಟರು, ಶಿವರಾತ್ರಿ ಹೊತ್ನಾಗ ಡೆಂಗಿನಾ, ಅದು ಮಳೆಗಾಲದ ಜ್ವರ ಅಲ್ಲೇನ್ರಿ ಅಂದಳು ಅತ್ತೆ ಕೆಂಚವ್ವ, ಮೊದಲು ಹಂಗಿತ್ತಮ್ಮ, ಚಳಿ ಬಿದ್ರೆ ಈ ವಾರ್ಡು ಖಾಲಿ ಆಗೋದು, ಈಗ ಚಳಿನೇ ಬೀಳಲ್ಲ, ಬಿಳಿ ಪಟ್ಟೆ ಕಾಲಿನ ಡೆಂಗಿ ಸೊಳ್ಳೆಗೆ ವರ್ಷಪೂರ್ತಿ ಸುಗ್ಗಿ, ಅಂದರು ಡಾಕ್ಟರು. ಚಳಿ, ಎಲ್ಲಿ ಹೋಯಿತು ಅದು, ಕಡರನಾಯಕನಹಳ್ಳಿಯ ತವರಲ್ಲಿ ಮಾಘದ ಬೆಳಗೆಂದರೆ ಮಾತಾಡಿದರೆ ಬಾಯಿಂದ ಹೊಗೆ, ಅವ್ವನ ಕಂಬಳಿಯೊಳಗೆ ಮೂಗು, ಶಿವರಾತ್ರಿಗೆ ಶಿವಶಿವಾ ಅಂತ ಹೋಗುವ ಚಳಿ ಈ ವರ್ಷ ಬರಲೇ ಇಲ್ಲ, ಬಾರದ್ದು ಹೋಗುವುದೆಲ್ಲಿಂದ, ಸಂಕ್ರಾಂತಿ ಮುಗಿಯುತ್ತಲೇ ಹೊತ್ತಲ್ಲದ ಮಳೆ, ಬೆನ್ನಿಗೇ ಸುಡುವ ಬಿಸಿಲು, ಹೊಳೆ ಇಳಿಯಿತು, ನಲ್ಲಿ ವಾರಕ್ಕೊಮ್ಮೆ ಆಯಿತು, ಅತ್ತೆ ಹಿತ್ತಲಲ್ಲಿ ಡ್ರಮ್ಮು ಸಾಲಿಟ್ಟಳು, ಹನಿ ನೀರೂ ಚೆಲ್ಲಬ್ಯಾಡ ಪದ್ಮಾ, ಚೆಲ್ಲಲಿಲ್ಲ, ನೀರಲ್ಲಿ ಕುಣಿಯುವ ಸಣ್ಣ ಹುಳ ಕಂಡಾಗಲೂ ಸೆರಗಲ್ಲಿ ಸೋಸಿದಳು, ಚೆಲ್ಲಿದರೆ ನಾಳೆಗೇನು —

ಕಣ್ ಬಿಡು ಪದ್ಮಾ, ಬಾತಿ ದಾಟಿದ್ವಿ, ದಾವಣಗೆರೆ ಬಂದೇ ಬಿಡ್ತು, ಕಣ್ ಬಿಡು, ಅದು ಗಂಡ ಮಾರುತಿಯ ದನಿ, ಅವನ ಆಟೋದಲ್ಲೇ ಬಂದದ್ದು, ಇವತ್ತೋ ಮೊನ್ನೆಯೋ, ಒಸಡಿನಿಂದ ರಕ್ತ, ನಾಲಿಗೆಗೆ ತುಕ್ಕಿನ ರುಚಿ, ಪ್ಲೇಟ್ಲೆಟ್ ಭಾಳ ಇಳಿದಾವೆ, ತಾಯಿ ಮಗು ಇಬ್ರಿಗೂ ಕಷ್ಟ ಅಂತ ಡಾಕ್ಟರು ಅಂದಾಗ ಮಾರುತಿ ಗೋಡೆಗೆ ಒರಗಿ ನಿಂತ, ಆಟೋ ಸ್ಟ್ಯಾಂಡಿನ ಗೆಳೆಯ ರೌಫ್ ತೋಳು ಮಡಚುತ್ತಾ ಬಂದ, ಅಳಬ್ಯಾಡ್ರಿ ಅಕ್ಕ, ನನ್ನ ಮೈಯಾಗ ರಕ್ತ ಬೇಕಾದಷ್ಟು ಐತೆ, ಅವನ ರಕ್ತದಿಂದ ತೆಗೆದು ಏರಿಸಿದ ಪ್ಲೇಟ್ಲೆಟ್ ಕೆಂಪಲ್ಲ, ಬೆಲ್ಲದ ತಿಳಿಯಂಥ ಹಳದಿ, ಮದುವೆಯ ಅರಿಶಿನ ನೀರು ಮತ್ತೆ ಮೈಮೇಲೆ ಸುರಿದ ಹಾಗೆ, ಅದರಲ್ಲೇ ತೇಲುತ್ತಿರುವಾಗ ಸೊಂಟ ಸೀಳುವ ನೋವು, ದೀಪಗಳು, ಮುಕ್ಕವ್ವಾ, ಉಸಿರು ಬಿಗಿಹಿಡಿದು ಮುಕ್ಕು, ಅನ್ನುವ ನರ್ಸು, ಆಮೇಲೆ ಬೆಕ್ಕಿನ ಮರಿಯಷ್ಟು ಸಣ್ಣ ಅಳು, ಹೆಣ್ಣು, ಕೇಳ್ರಿ ಹೆಂಗ ಅಳ್ತಾಳೆ. ಜ್ವರ ಬಿಟ್ಟಿದೆ ಈಗ, ಮೈ ಹತ್ತಿಯಂತಾಗಿದೆ, ಡ್ರಮ್ಮೆಲ್ಲ ಬೋರಲು ಹಾಕಿ ಬಂದೀನಿ, ನೀರು ಹೋದ್ರೆ ಹೋಗ್ಲಿ, ಕೊಡ ಹೊತ್ತರಾತು ಅನ್ನುತ್ತಾಳೆ ಕೆಂಚವ್ವ, ಹಾಗಂದು ಟೀ ತರಲು ಹೋಗಿದ್ದಾಳೆ, ಪಕ್ಕದ ತೊಟ್ಟಿಲಿಗೆ ಬಿಳಿ ಸೊಳ್ಳೆಪರದೆ, ಒಳಗೆ ಮಗಳು, ಮುಷ್ಟಿ ಬಿಗಿದು ಹಾಲಿನ ಕನಸು ಕಾಣುತ್ತಿರುವ ಮಗಳು, ಸಂಜೆಯ ಬಿಸಿಲು ಪರದೆಯ ಕಣ್ಣು ಕಣ್ಣಲ್ಲೂ ಹೊಳೆದು, ಅಲ್ಲೊಂದು ಕರಿ ಚುಕ್ಕಿ, ಚುಕ್ಕಿಗೆ ಕಾಲು, ಕಾಲಿಗೆ ಬಿಳಿ ಪಟ್ಟೆ, ಕೈ ಚಾಚಿದರೆ ಸಲೈನ್ ಪೈಪು ಜಗ್ಗುತ್ತದೆ, ಅತ್ತೇ, ದನಿ ಹೊರಡುತ್ತಿಲ್ಲ, ಪರದೆಯ ಹೊರಗೆ ಕೂತಿದೆಯೋ, ಒಳಗೋ, ಬಿಳಿ ಪಟ್ಟೆಯ ಕಾಲು, ಹೊರಗೋ, ಒಳಗೋ, ಬಿಳಿ ಪಟ್ಟೆಯ ಕಾಲು —