ಟ್ರೋಸ್ವಿಕ್‌ನ ಕೆಲಸಕ್ಕೆ ಬಾರದ ಮೈದಾನ

ಟ್ರೋಸ್ವಿಕ್‌ನಲ್ಲಿ ಯಾರೂ ಯಾವುದನ್ನೂ ಹೊಗಳುವುದಿಲ್ಲ. ಪಕ್ಕದ ಮನೆಯ ಹಸು ಕರು ಹಾಕಿದರೆ ಬೇಲಿಗೆ ಒರಗಿ ನಿಂತು, "ಅಯ್ಯೋ ಪಾಪ, ಕಾಲು ನೋಡು, ಈ ವಾರ ದಾಟುತ್ತೋ ಇಲ್ವೋ" ಎನ್ನುವುದು ಮರ್ಯಾದೆ. ಚೆನ್ನಾಗಿದೆ ಎಂದು ಬಾಯಿ ಬಿಟ್ಟರೆ ಕರುವಿಗೆ ದೃಷ್ಟಿ ತಾಗುತ್ತದೆ, ಆಮೇಲೆ ಆ ಮನೆಯವರು ನಿಮ್ಮನ್ನು ಟೀಗೆ ಕರೆಯುವುದಿಲ್ಲ. ಮದುವೆಯ ಹೆಣ್ಣನ್ನು ಕಂಡು "ಪರವಾಗಿಲ್ಲ" ಅಂದವರೂ ಹಿಂದೆ ಇದ್ದರು. ಅವರಿಗೆ ಬಾಯಿ ಸ್ವಲ್ಪ ಸಡಿಲ ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ.

ಇಂಥ ಊರಿನಲ್ಲಿ ಮುರ್ಡೀನಾ ಮೆಕ್ಕಿನಸ್ ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ. ಹುಲ್ಲು ಕತ್ತರಿಸುವವಳೂ ಅವಳೇ, ಬೇಲಿ ಕಟ್ಟುವವಳೂ ಅವಳೇ, ವರ್ಷದ ಪಂದ್ಯದ ಕಪ್ಪನ್ನು ಗೆದ್ದವರ ಕೈಗೆ ಕೊಡುವವಳೂ ಅವಳೇ, ಎಷ್ಟೋ ವರ್ಷ ಗೆದ್ದವಳೂ ಅವಳೇ. ಸದಸ್ಯರಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚು. ಸತ್ತವರು ಯಾವುದಕ್ಕೂ ತಕರಾರು ತೆಗೆಯದ ಕಾರಣ ಅವರ ಹೆಸರು ಹೊಡೆದುಹಾಕುವ ಅಗತ್ಯ ಯಾರಿಗೂ ಕಂಡಿಲ್ಲ. ಕ್ಲಬ್ ಹೌಸ್ ಎಂಬ ಭವ್ಯ ಹೆಸರು ಹೊತ್ತದ್ದು ಹಿಂದೆ ಮೀನು ಸಾಗಿಸುತ್ತಿದ್ದ ಒಂದು ಕಬ್ಬಿಣದ ಕಂಟೇನರ್. ಬಿಸಿಲು ಬಿದ್ದಾಗ ಅದರೊಳಗೆ ಮೀನಿನ ವಾಸನೆ ಏಳುತ್ತದೆ, ಆದರೆ ಬಿಸಿಲು ಬೀಳುವುದೇ ಅಪರೂಪವಾದ್ದರಿಂದ ಯಾರೂ ದೂರಿಲ್ಲ.

ಮೈದಾನಕ್ಕೆ ಒಂಬತ್ತು ಕುಳಿ. ಅಟ್ಲಾಂಟಿಕ್ ಸಮುದ್ರಕ್ಕೂ ಊರಿಗೂ ನಡುವೆ ಮರಳುದಿಣ್ಣೆಗಳು ತಮಗೆ ತೋಚಿದ ಹಾಗೆ ಎದ್ದು ಬಿದ್ದಿವೆ. ಅವುಗಳ ಮೇಲಿನ ಹುಲ್ಲನ್ನು ಕುರಿಗಳೂ ಮೊಲಗಳೂ ಮೇದು ನುಣುಪಾಗಿಸಿವೆ. ಹಿಂದಿನ ಕಾಲದ ಯಾರೋ ಪುಣ್ಯಾತ್ಮರು ಒಂಬತ್ತು ಕಡೆ ಕುಳಿ ತೋಡಿ ಬಾವುಟ ನೆಟ್ಟರು, ಅಷ್ಟೇ. ಚೆಂಡು ಸಗಣಿಯಲ್ಲಿ ಬಿದ್ದರೆ ಎತ್ತಿ ಒರೆಸಿಕೊಂಡು ಆಡಬಹುದು ಎಂಬುದು ಕ್ಲಬ್ಬಿನ ಮೊದಲ ನಿಯಮ. ಎರಡನೆಯ ನಿಯಮ ಯಾರಿಗೂ ನೆನಪಿಲ್ಲ.

ಈ ಮೈದಾನವೆಂದರೆ ಮುರ್ಡೀನಾಳಿಗೆ ಪ್ರಾಣ. ಹಡಗಿನ ಟಿಕೆಟ್ ಕಿಟಕಿಯ ಹಿಂದೆ ಆಯುಷ್ಯವೆಲ್ಲ ಕೂತು, "ಗಾಳಿ ಜೋರು, ಇವತ್ತು ಹಡಗಿಲ್ಲ" ಎಂಬ ಒಂದೇ ಮಾತು ಹೇಳಿ ಹೇಳಿ ನಿವೃತ್ತಳಾದ ಹೆಂಗಸು ಅವಳು. ಅದೇ ಗಾಳಿಗೆ ಎದುರಾಗಿ ನಿಂತು ಚೆಂಡು ಹೊಡೆಯುವುದರಲ್ಲಿ ಸೇಡು ತೀರಿಸಿಕೊಂಡ ಸುಖವೂ ಇತ್ತು. ಪ್ರಾಣವಾದ್ದರಿಂದಲೇ, ಯಾರು ಕೇಳಿದರೂ "ದರಿದ್ರ ಜಾಗ" ಎನ್ನುತ್ತಿದ್ದಳು.

ಆದರೆ ಜಾಗ ಕ್ಲಬ್ಬಿನದಲ್ಲ, ಊರಿನ ಗೋಮಾಳ. ದನ ಕುರಿ ಇರುವ ಮನೆಯವರೆಲ್ಲ ಹತ್ತು ವರ್ಷಕ್ಕೊಮ್ಮೆ ಊರಿನ ಹಾಲ್‌ನಲ್ಲಿ ಸೇರಿ ಕೈಯೆತ್ತಿ, ಇನ್ನು ಹತ್ತು ವರ್ಷ ಆಡಿಕೊಳ್ಳಲಿ ಎಂದು ಬಿಡುತ್ತಾರೆ. ಬಿಡಲು ಕಾರಣ ಒಂದೇ, ಆ ಮರಳಿನಲ್ಲಿ ಬೇರೇನೂ ಗಿಟ್ಟುವುದಿಲ್ಲ ಎಂಬ ನಂಬಿಕೆ. ಈ ನಂಬಿಕೆಗೆ ನೀರೆರೆದು ಬೆಳೆಸುವುದೇ ಕಾರ್ಯದರ್ಶಿಯ ಮುಖ್ಯ ಕೆಲಸ ಎಂದು ಮುರ್ಡೀನಾ ತಿಳಿದಿದ್ದಳು. ಈ ಸಲದ ಸಭೆ ಗುರುವಾರ ಸಂಜೆಗೆ ಗೊತ್ತಾಗಿತ್ತು.

ಮಂಗಳವಾರದ ಹಡಗಿನಲ್ಲಿ ಪಿಯರ್ಸ್ ಆಲ್ಡರ್ಟನ್ ಬಂದಿಳಿದ. ದೇಶದ ದಕ್ಷಿಣದ ಕಡೆಯವನು, ಗಾಲ್ಫ್ ಪತ್ರಿಕೆಯೊಂದಕ್ಕೆ ಬರೆಯುವವನು. ಲೋಕದ ಹೆಸರಾಂತ ಮೈದಾನಗಳನ್ನೆಲ್ಲ ತುಳಿದು ಬೇಸತ್ತು, ಯಾರೂ ಕಾಣದ್ದನ್ನು ಕಾಣಬೇಕೆಂದು ಹೊರಟಿದ್ದ. ಅವನ ಅಂಗಿ, ಟೋಪಿ, ಬೂಟು ಎಲ್ಲವೂ ಮಳೆ ಒಳಬಿಡುವುದಿಲ್ಲ ಎಂದು ಪ್ರಮಾಣ ಮಾಡಿದಂಥವು. ಅವನ ದುರದೃಷ್ಟಕ್ಕೆ ಸಭೆಯವರೆಗಿನ ಎರಡು ದಿನವೂ ಬಿಸಿಲು ಬಂದಿತು.

ಮುರ್ಡೀನಾ ಅವನ ಜೊತೆ ಆಡಿದಳು. ಮೊದಲ ಐದು ಕುಳಿ ಮುಗಿಯುವಷ್ಟರಲ್ಲಿ ಅವನ ಮಾತು ಕಮ್ಮಿಯಾಯಿತು. ಆರನೆಯದರಲ್ಲಿ ನಿಂತೇ ಹೋಯಿತು. ಅಲ್ಲಿ ಎದುರಿಗೆ ಎತ್ತರದ ದಿಣ್ಣೆಯೊಂದು ಅಡ್ಡ ನಿಂತಿದೆ. ಆಚೆ ಏನಿದೆ ಎಂದು ಕಾಣುವುದಿಲ್ಲ. ಗಾಳಿಯನ್ನು ಕೆನ್ನೆಯಲ್ಲಿ ಅಳೆದು, ದಿಣ್ಣೆಯ ಮೇಲಿಂದ ಹಾರಿಸಿ, ನಂಬಿಕೆಯಿಂದ ಚೆಂಡಿನ ಹಿಂದೆ ನಡೆಯಬೇಕು. ಹತ್ತಿ ನಿಂತರೆ ಕೆಳಗೆ ಬೋಗುಣಿಯಂಥ ತಗ್ಗು, ತಗ್ಗಿನಲ್ಲಿ ಬಾವುಟ, ಅದರ ಬೆನ್ನಿಗೇ ಸಮುದ್ರ. ಎಡಕ್ಕೆ ತಪ್ಪಿ ಬಿದ್ದ ಚೆಂಡು ಅಲ್ಲೇ ನಿಲ್ಲದೆ, ಇಳಿಜಾರು ಹಿಡಿದು ಅರ್ಧ ಸುತ್ತು ಬಂದು ಬಾವುಟದ ಬುಡಕ್ಕೆ ಸೇರುತ್ತದೆ. ಪಿಯರ್ಸನ ಚೆಂಡು ಹಾಗೆಯೇ ಸುತ್ತು ಬಂದು ನಿಂತಿತ್ತು. ಅವನ ಕಣ್ಣಲ್ಲಿ ನೀರಿತ್ತು.

"ಇದನ್ನ ಯಾರು ಮಾಡಿದ್ದು? ದೇವರೇ ಕೂತು ಮಾಡಿರ್ಬೇಕು" ಎಂದ.

"ಮೊಲಗಳು ಮಾಡಿದ್ದು" ಎಂದಳು ಮುರ್ಡೀನಾ. ಅದು ಸುಳ್ಳೂ ಆಗಿರಲಿಲ್ಲ.

ಅವನು ಬರೆಯುತ್ತೇನೆ ಎಂದ. ಅವಳು ಬೇಡ ಎಂದಳು. ಅವನು ಅದನ್ನು ಹಳ್ಳಿಯವರ ನಾಚಿಕೆ ಎಂದು ಭಾವಿಸಿ ಇನ್ನಷ್ಟು ಕರಗಿದ. ಸಾಲದ್ದಕ್ಕೆ ಅಂಗಡಿಯಲ್ಲಿ ಯಾರೋ ಗುರುವಾರದ ಸಭೆಯ ವಿಷಯ ಹೇಳಿದರು. ಕ್ಲಬ್ಬಿನ ಪರವಾಗಿ ನಾಲ್ಕು ಒಳ್ಳೆಯ ಮಾತಾಡಿ ಪುಣ್ಯ ಕಟ್ಟಿಕೊಳ್ಳೋಣ ಎಂದು ಅವನು ತಾನಾಗಿಯೇ ತೀರ್ಮಾನಿಸಿದ. ಉಪಕಾರ ಮಾಡಲು ಹೊರಟವರನ್ನು ತಡೆಯುವ ಬೇಲಿಯನ್ನು ಮುರ್ಡೀನಾ ಇನ್ನೂ ಕಟ್ಟಿರಲಿಲ್ಲ.

ಗುರುವಾರ ಹಾಲ್ ತುಂಬಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಫಿನ್ಲೆ ಕೂತಿದ್ದರು. ಎಂಬತ್ತರ ಹತ್ತಿರದ ಮುದುಕ, ಊರಿನಲ್ಲೇ ಹೆಚ್ಚು ದನ ಇರುವವರು, ಗಾಲ್ಫ್ ದಾಂಡನ್ನು ಜನ್ಮದಲ್ಲಿ ಮುಟ್ಟದವರು. ಪಿಯರ್ಸ್ ಎದ್ದು ನಿಂತು ಹೊಗಳತೊಡಗಿದ. ಇದು ರತ್ನ ಎಂದ, ನಿಧಿ ಎಂದ, ಇಡೀ ಕರಾವಳಿಯಲ್ಲಿ ಇದಕ್ಕೆ ಸಮನಾದದ್ದಿಲ್ಲ ಎಂದ. ಇಂಥ ಒಂದು ಜಾಗಕ್ಕೋಸ್ಕರ ಜನ ಅಮೆರಿಕದಿಂದ ವಿಮಾನ ಹತ್ತಿ ಬರುತ್ತಾರೆ, ಹೋಟೆಲ್ ಕಂಪನಿಯವರು ಓಡಿ ಬರುತ್ತಾರೆ ಎಂದ. ಹಿಂದಿನ ಸಾಲಿನ ಅಜ್ಜಿಯೊಬ್ಬಳು ದೃಷ್ಟಿಗೆ ಹೆದರಿ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು.

ಅವನು ಕೂತದ್ದೇ ತಡ, ಮನೆಯ ಹಿಂದೆ ಬಾಡಿಗೆಗೆಂದು ಎರಡು ಕ್ಯಾರವಾನ್ ಗಾಡಿಮನೆ ನಿಲ್ಲಿಸಿಕೊಂಡು ಗಿರಾಕಿಗಾಗಿ ಕಾಯುತ್ತಿದ್ದ ಡೂಗಲ್ ಎಂಬವನು ಗಂಟಲು ಸರಿಮಾಡಿಕೊಂಡ.

"ಅಲ್ಲ ಸ್ವಾಮಿ, ಈ ಅಮೆರಿಕದೋರು ಬಂದ್ರೆ ಎಲ್ಲಿ ಮಲಗ್ತಾರೆ?"

ಅಷ್ಟು ಸಾಕಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಟೆಲಿನವರಿಗೇ ಕೊಟ್ಟರೆ ಹೇಗೆ ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ಪಿಯರ್ಸ್ ತನ್ನ ಮಾತು ನಾಟಿದೆ ಎಂಬ ಸಂತೋಷದಿಂದ ಮುರ್ಡೀನಾಳ ಕಡೆ ನೋಡಿ ನಕ್ಕ. ಈ ಮನುಷ್ಯನನ್ನು ಆರನೇ ದಿಣ್ಣೆಯಿಂದ ಸಮುದ್ರಕ್ಕೆ ತಳ್ಳುವ ಅವಕಾಶ ಮೊನ್ನೆಯೇ ಇತ್ತಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಉಳಿದದ್ದು ಒಂದೇ ದಾರಿ. ಈ ಜಾಗ ಮೂರು ಕಾಸಿಗೂ ಬಾಳುವುದಿಲ್ಲ ಎಂದು ಇವರನ್ನು ನಂಬಿಸಬೇಕು. ಅವಳು ಎದ್ದಳು.

"ಪಾಪ, ಇವರದೇನು ತಪ್ಪು. ಬಂದಾಗಿಂದ ಬಿಸಿಲು. ಅಲ್ಲಿ ಕಾಲು ಸವೆಸಿರೋಳು ನಾನು, ನನ್ನ ಕೇಳಿ. ಒಂದನೇ ಕುಳಿ ಸ್ಮಶಾನದ ಪಕ್ಕ. ಚೆಂಡು ಎಡಕ್ಕೆ ಹೋದ್ರೆ ನಮ್ಮಜ್ಜಿ ತಲೆ ಮೇಲೆ ಬೀಳುತ್ತೆ, ಅವಳು ಬದುಕಿದ್ದಾಗ್ಲೇ ಸಿಡುಕಿ. ಮೂರನೇದ್ರಲ್ಲಿ ಹಕ್ಕಿ ಕಾಟ. ಮೊಟ್ಟೆ ಇಟ್ಟಿರುತ್ವೆ, ಹತ್ರ ಹೋದ್ರೆ ತಲೆ ಕುಕ್ಕುತ್ವೆ, ಅವು ಮರಿ ಹಾರಿಸೋ ತನಕ ನಾನು ಸುತ್ತು ಹಾಕ್ಕೊಂಡು ಹೋಗ್ಬೇಕು. ನಾಲ್ಕನೇದ್ರಲ್ಲಿ ಗಾಳಿ ನಿಮ್ಮ ಹೆಸರು ಹಿಡಿದು ಬೈಯುತ್ತೆ."

ಆರನೆಯದರ ಹತ್ತಿರ ಬಂದಾಗ ಅವಳ ನಾಲಿಗೆ ಏಳಲಿಲ್ಲ, ಆದರೂ ಎಬ್ಬಿಸಿದಳು.

"ಆರನೇದು ಎಲ್ಲಕ್ಕಿಂತ ಕೆಟ್ಟದ್ದು. ಎಲ್ಲಿಗೆ ಹೊಡೀಬೇಕು ಅಂತಾನೇ ಕಾಣಲ್ಲ. ಆಕಾಶಕ್ಕೆ ಹೊಡೆದು ದಿಣ್ಣೆ ಹತ್ಬೇಕು. ನಮ್ಮ ಯಜಮಾನ್ರನ್ನ ಮಣ್ಣು ಮಾಡಿದ ಮಾರನೇ ದಿನಾನೂ ಹತ್ತಿದ್ದೆ. ಆಚೆ ಬೇರೆ ಏನಾದ್ರೂ ಇರುತ್ತೇನೋ ಅಂತ ನೋಡ್ದೆ. ಏನಿಲ್ಲ. ಅದೇ ಹುಲ್ಲು, ಅದೇ ಸಮುದ್ರ. ಒಂದು ದಿನಾನೂ ಬದಲಾಗಿಲ್ಲ, ದರಿದ್ರದ್ದು."

ಕೂತಳು. ಪ್ರಾಣದಂಥದ್ದನ್ನು ಊರೆದುರು ಬೈದುಬಿಟ್ಟೆನಲ್ಲ ಎಂದು ಸಂಕಟವಾಯಿತು. ಊರಿನವರ ಕಣ್ಣಿಗೆ ಮಣ್ಣೆರಚಿದೆ ಎಂಬ ಸಮಾಧಾನವೊಂದೇ ಇತ್ತು.

ಆ ಸಮಾಧಾನವೂ ಉಳಿಯಲಿಲ್ಲ. ಬೇಲಿಗೆ ಒರಗಿ ಕರು ಬೈಯುತ್ತ ಬೆಳೆದ ಜನ ಅವರು. ಒಬ್ಬರು ಒಂದನ್ನು ಎಷ್ಟು ಹೊತ್ತು ಬೈಯುತ್ತಾರೆ ಎಂಬುದರ ಮೇಲೆ ಅದು ಅವರಿಗೆ ಎಷ್ಟರ ಮಟ್ಟಿಗೆ ಬೇಕು ಎಂದು ಲೆಕ್ಕ ಹಾಕುವುದು ಅವರಿಗೆ ತೊಟ್ಟಿಲಲ್ಲೇ ಬಂದ ವಿದ್ಯೆ. ಟ್ರೋಸ್ವಿಕ್ ಹಾಲ್‌ನಲ್ಲಿ ಯಾವ ಹೆಂಗಸೂ ಯಾವುದನ್ನೂ ಇಷ್ಟು ಬಿಚ್ಚಿ ಹೊಗಳಿದ್ದು ಯಾರಿಗೂ ನೆನಪಿರಲಿಲ್ಲ. ಕೆಲವರು ಮುಜುಗರದಿಂದ ತಮ್ಮ ಬೂಟು ನೋಡಿಕೊಂಡರು. ಮುರ್ಡೀನಾಳಿಗೂ ಅದು ಆಗಲೇ ಹೊಳೆದು ಮುಖ ಕೆಂಪಾಯಿತು.

"ಅಷ್ಟು ಕೆಟ್ಟದ್ದೇನೇ ಹುಡುಗಿ?" ಎಂದರು ಫಿನ್ಲೆ.

"ಅದಕ್ಕಿಂತ ಕೆಟ್ಟದ್ದು" ಎಂದಳು ಅರವತ್ತು ದಾಟಿದ ಹುಡುಗಿ.

ಫಿನ್ಲೆ ತಲೆಯಾಡಿಸಿದರು. ತಮ್ಮ ದನಗಳದ್ದೂ ಇದೇ ತಕರಾರು ಎಂದರು. ಚಳಿಗಾಲಕ್ಕೆ ಅಲ್ಲಿ ಬಿಟ್ಟರೆ ಹುಲ್ಲು ಎಷ್ಟು ಕೆಟ್ಟದ್ದೆಂದರೆ, ವಸಂತದಲ್ಲಿ ಹೊಡೆದುಕೊಂಡು ಬರಲು ಮೂರು ಜನ ಬೇಕಂತೆ, ಒಂದೂ ಜಾಗ ಬಿಟ್ಟು ಏಳುವುದಿಲ್ಲವಂತೆ. ಅಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿ ಎದ್ದು, ಅಲ್ಲಿನ ಸೂರ್ಯಾಸ್ತ ಬಹಳ ಕಳಪೆ, ತಾನು ದಿನಾ ಸಂಜೆ ಹೋಗಿ ನೋಡುತ್ತೇನೆ, ಒಂದು ದಿನವೂ ಸುಧಾರಿಸಿಲ್ಲ ಎಂದಳು. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಒಬ್ಬರಾದ ಮೇಲೊಬ್ಬರು ಎದ್ದು ಆ ಮರಳುದಿಣ್ಣೆಗಳಿಗೆ ಹಿಡಿ ಹಿಡಿ ಶಾಪ ಹಾಕಿದರು. ಕೊನೆಗೆ ಡೂಗಲ್ ಕೂಡ ತಡವರಿಸಿಕೊಂಡು ಎದ್ದ. ತನ್ನ ಹೆಂಡತಿ ತನ್ನನ್ನು ಒಪ್ಪಿದ್ದು ಎಂಟನೇ ಕುಳಿಯ ಪಕ್ಕದ ಮರಳುಗುಂಡಿಯಲ್ಲಿ, ತನ್ನ ಕಷ್ಟವೆಲ್ಲ ಶುರುವಾಗಿದ್ದು ಅಲ್ಲಿಂದಲೇ ಎಂದ. ಪಕ್ಕದಲ್ಲಿದ್ದ ಹೆಂಡತಿ ಅವನ ಕೈ ಹಿಡಿದು ಕೂರಿಸಿದಳು.

"ಇಂಥ ಜಾಗಾನ ಹೊರಗಿನೋರಿಗೆ ಕೊಟ್ಟು ಅವರನ್ಯಾಕೆ ನರಳಿಸೋದು?" ಎಂದರು ಫಿನ್ಲೆ. "ಮುರ್ಡೀನಾನೇ ಅನುಭವಿಸ್ಲಿ. ಕೈಯೆತ್ತಿ."

ಎಲ್ಲ ಕೈಗಳೂ ಮೇಲೆದ್ದವು, ಡೂಗಲ್‌ನದೂ. ಮುರ್ಡೀನಾಳಿಗೆ ಅಳು ಬಂತು. ಅತ್ತರೆ ಮರ್ಯಾದೆಯಲ್ಲ ಎಂದು ಟೀ ಪಾತ್ರೆಯ ಕಡೆ ಎದ್ದುಹೋದಳು.

ಪಿಯರ್ಸ್ ಮಾತ್ರ ಕುಸಿದು ಕೂತಿದ್ದ. ಬಾಗಿಲ ಬಳಿ ಅವಳನ್ನು ತಡೆದು, ತನ್ನಿಂದ ತಪ್ಪಾಯಿತು ಎಂದ. ಊರಿಗೆ ಊರೇ ಈ ಮೈದಾನವನ್ನು ಇಷ್ಟು ದ್ವೇಷಿಸುತ್ತದೆಂದು ತನಗೆ ಗೊತ್ತಿರಲಿಲ್ಲವಂತೆ. ಅದಕ್ಕೇ ಬರೆಯುವುದು ಖಂಡಿತವಂತೆ. ಇಲ್ಲಿಯವರು ಕಾಣದ್ದನ್ನು ಲೋಕವಾದರೂ ಕಾಣಲಿ ಎಂಬುದು ಅವನ ಹಟ.

ಹಡಗಿನವರೆಗೆ ಕತ್ತು ಹಿಡಿದು ನಡೆಸಿಬಿಡೋಣ ಅನ್ನಿಸಿತು ಅವಳಿಗೆ. ಆದರೆ ಆರನೇ ಕುಳಿಯ ಆ ಬೋಗುಣಿಯ ಅಂಚಿನಲ್ಲಿ ನಿಂತು ಕಣ್ಣೀರು ಹಾಕಿದ ಇನ್ನೊಂದು ಜೀವವೆಂದರೆ ಅವಳಿಗೆ ತಿಳಿದ ಮಟ್ಟಿಗೆ ಇವನೊಬ್ಬನೇ.

"ಕೂತ್ಕೊಳ್ಳಿ ಇಲ್ಲಿ" ಎಂದು ಮೆಟ್ಟಿಲ ಮೇಲೆ ಕೂರಿಸಿ, ಕರುವಿನ ವಿಷಯ ಹೇಳಿದಳು. ದೃಷ್ಟಿಯ ವಿಷಯ ಹೇಳಿದಳು. ಮದುವೆಯ ಹೆಣ್ಣಿನದನ್ನೂ ಹೇಳಿದಳು. ಹೇಳಿ, "ಈಗ ಒಳಗೆ ಕೇಳಿದ್ದನ್ನ ಇನ್ನೊಂದ್ಸಲ ನೆನಪು ಮಾಡ್ಕೊಳ್ಳಿ" ಎಂದಳು.

ಅವನು ನೆನಪು ಮಾಡಿಕೊಂಡ. ಕಲಿತ ಜನಕ್ಕೆ ಇಂಥದ್ದೆಲ್ಲ ತಲೆಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಅವನ ಮುಖ ಮೆಲ್ಲಗೆ ಬದಲಾಯಿತು. ಅಜ್ಜಿಯ ಸೂರ್ಯಾಸ್ತದ ಹತ್ತಿರ ಬಂದಾಗ ಸಮುದ್ರದ ಕಡೆ ತಿರುಗಿ ನೋಡಿದ. ಕತ್ತಲಲ್ಲಿ ದಿಣ್ಣೆಗಳ ಆಚೆಯಿಂದ ಅಲೆಯ ಸದ್ದು ಕೇಳುತ್ತಿತ್ತು.

"ಮುರ್ಡೀನಾ, ನಿಮ್ಮ ಆರನೇ ಕುಳಿ ಇದ್ಯಲ್ಲ" ಎಂದ ಕೊನೆಗೆ. "ಅಷ್ಟು ಕೆಟ್ಟದ್ದನ್ನ ನಾನು ಜನ್ಮದಲ್ಲಿ ನೋಡಿಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. "ಬರೀತೀರಾ ಹಾಗಾದ್ರೆ?"

"ಇಂಥ ದರಿದ್ರ ಜಾಗದ ಬಗ್ಗೆ ಯಾರಾದ್ರೂ ಬರೀತಾರಾ?" ಎಂದ ಪಿಯರ್ಸ್.