ಅಮರೇಶ್ ಕೊಟ್ಟ ಮೈಕ್ರೋಮೀಟರ್

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಡಾಕ್ಟರಲ್ಲ. ಜಿಗಣಿಯ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಫಿಟ್ಟರ್. ಓದಿದ್ದು ಸಂಜೆ ತರಗತಿಗಳಲ್ಲಿ. ಮನಸ್ಸಿನ ತೊಂದರೆಗೆ ಪ್ರಥಮ ನೆರವು ಕೊಡುವ ಎರಡು ದಿನದ ತರಬೇತಿಗೆ ನನ್ನನ್ನು ಕಳಿಸಿದ್ದೂ ಆ ವಾರ ನನಗೆ ಕೆಲಸ ಕಡಿಮೆ ಇತ್ತೆಂಬ ಕಾರಣಕ್ಕೆ.

ನಮ್ಮ ಗ್ರೈಂಡಿಂಗ್ ವಿಭಾಗದ ಆಪರೇಟರ್ ಅಮರೇಶ್ ಲಿಂಗಸುಗೂರಿನ ಕಡೆಯವನು. ಹೆಂಡತಿ ಸೌಮ್ಯಾ ಜೊತೆ ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದಾನೆ. ಅಳತೆ ನೋಡುವ ಮೈಕ್ರೋಮೀಟರ್ ಅವನ ಸ್ವಂತದ್ದು. ನಮ್ಮಲ್ಲಿ ಹಳೆಯ ಆಪರೇಟರುಗಳು ಊಟದ ಡಬ್ಬಿ ಹಂಚಿಕೊಳ್ಳುತ್ತಾರೆ, ಮೈಕ್ರೋಮೀಟರ್ ಮಾತ್ರ ಯಾರಿಗೂ ಮುಟ್ಟಲು ಕೊಡುವುದಿಲ್ಲ.

ಒಂದು ಮಂಗಳವಾರ ಲೈನ್ ಲೀಡರ್ ಶ್ಯಾಮಣ್ಣ ಅದನ್ನು ಹಿಡಿದುಕೊಂಡು ನನ್ನ ಬಳಿ ಬಂದರು.

“ನೋಡೋ ಈರೇಶ, ಅಮರೇಶ ಕೊಟ್ಬಿಟ್ಟ! ‘ನೀನ ಇಟ್ಕೋ ಅಣ್ಣ, ನನಗ್ಯಾಕ ಇನ್ನ’ ಅಂದ. ಬೇರೆ ಕಂಪನೀಲಿ ಕೆಲ್ಸ ಸಿಕ್ಕಿರ್ಬೇಕು, ಬಾಯಿ ಬಿಡ್ತಿಲ್ಲ ಕಳ್ಳ.”

ನನಗೆ ಖುಷಿಯಾಗಲಿಲ್ಲ. ಎರಡು ವಾರದಿಂದ ಅಮರೇಶ್ ಅರ್ಧ ಊಟಕ್ಕೇ ಡಬ್ಬಿ ಮುಚ್ಚುತ್ತಿದ್ದ. ಮಾತು ನಿಂತಿತ್ತು. ತರಬೇತಿ ಕೊಟ್ಟ ನರ್ಸ್ ಹೇಮಲತಾ ಮೇಡಂ ಹೇಳಿದ್ದರು: ಜೀವದಂತೆ ಇಟ್ಟುಕೊಂಡ ವಸ್ತುವನ್ನು ಯಾರಾದರೂ ಸುಮ್ಮನೆ ಕೊಟ್ಟುಬಿಟ್ಟರೆ, ನಿಂತು ವಿಚಾರಿಸಿ.

“ಶ್ಯಾಮಣ್ಣ, ಸಾಯೋ ಯೋಚ್ನೆ ಇದ್ಯಾ ಅಂತ ಅವನ್ನ ಕೇಳ್ಬೇಕು.”

“ತಲೆ ಕೆಟ್ಟಿದ್ಯೇನೋ? ಇಲ್ದಿರೋ ಯೋಚ್ನೆ ನೀನೇ ತುಂಬ್ದಂಗಾಗತ್ತೆ. ಎರಡ್ ದಿನ ಸಮೋಸ ತಿಂದ್ ಬಂದು ಡಾಕ್ಟ್ರಾಗ್ಬಿಟ್ಟ!”

“ಕೇಳೋದ್ರಿಂದ ಹುಟ್ಟಲ್ವಂತೆ ಅಣ್ಣ. ಮನಸಲ್ಲಿರೋರಿಗೆ ಹೇಳ್ಕೊಳ್ಳೋಕೆ ದಾರಿ ಆಗತ್ತಂತೆ.”

“ಅಂತೆ! ಕಪಾಳಕ್ಕೆ ಬಿಟ್ರೆ ನನ್ನ ಕರೀಬೇಡ.”

ಟೀ ಬಿಡುವಿನಲ್ಲಿ ಅಮರೇಶನನ್ನು ಬೈಕ್ ಸ್ಟ್ಯಾಂಡಿನ ಹಿಂದಿನ ಕಟ್ಟೆಗೆ ಕರೆದೊಯ್ದೆ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಕೆಟ್ಟ ಯಂತ್ರಕ್ಕೆ ಏನೇನಾಗಿದೆ ಎಂದು ಜಾಬ್ ಕಾರ್ಡ್ ಬರೆದು ಅಭ್ಯಾಸವಾದವನು, ತರಬೇತಿಯಲ್ಲಿ ಕೊಟ್ಟಿದ್ದ ಪ್ರಶ್ನೆಗಳ ಹಾಳೆ ಬಿಡಿಸಿ, ಪೆನ್ನು ಹಿಡಿದು ಕೇಳತೊಡಗಿದೆ. ನಿದ್ದೆ ಬರುತ್ತದೆಯೇ? ಟಿಕ್. ಊಟ ಸೇರುತ್ತದೆಯೇ? ಟಿಕ್.

ಅಮರೇಶ್ ಹಾಳೆಯನ್ನೇ ನೋಡಿದ. “ಏನಲೇ, ನನಗೂ ಜಾಬ್ ಕಾರ್ಡ್ ತೆಗದಿ ಏನು?” ಎಂದು ಎದ್ದ.

ಹಾಳೆ ಮಡಚಿ ಜೇಬಿಗೆ ಹಾಕಿದೆ. “ತಪ್ಪಾಯ್ತು ಕಣೋ. ಕೂತ್ಕೊ.”

ಕೂತ. ನಾನೂ ಪಕ್ಕದಲ್ಲಿ ಕೂತೆ. ಟೀ ಮೇಲೆ ಕೆನೆ ಕಟ್ಟಿತು. ಆಮೇಲೆ ನೇರವಾಗಿ ಕೇಳಿದೆ.

“ಅಮರೇಶ, ಸಾಯ್ಬೇಕು ಅನ್ನಿಸ್ತಿದ್ಯಾ?”

ಅವನು ಟೀ ಲೋಟ ಕೆಳಗಿಟ್ಟ. “ಹೂಂ. ವಾರ ಆತು. ಹೆಂಗ ಹೇಳಬೇಕಂತ ತಿಳೀಲಿಲ್ಲ.”

ಕಾರಣ ಕೆದಕಲಿಲ್ಲ. ಬುದ್ಧಿ ಹೇಳಲಿಲ್ಲ, ಹೇಳುವಷ್ಟು ನನ್ನಲ್ಲಿರಲೂ ಇಲ್ಲ. “ಇವತ್ತು ನಿನ್ನ ಒಬ್ಬನ್ನೇ ಬಿಡಲ್ಲ” ಎಂದೆ. ಅವನನ್ನು ಕೇಳಿಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಅವರು ಕನ್ನಡದಲ್ಲೇ ಅವನೊಡನೆ ಮಾತಾಡಿ, ಇವತ್ತೇ ಆಸ್ಪತ್ರೆಗೆ ಹೋಗಿ ಎಂದರು. ಸೌಮ್ಯಾಗೂ ತಿಳಿಸಿದೆ.

ಅಷ್ಟರಲ್ಲಿ ಶ್ಯಾಮಣ್ಣ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ. “ಆಟೊ ನಾನ್ ಕರೀತೀನಿ. ನೀನ್ ಅವನ್ ಪಕ್ಕ ಬಿಟ್ಟು ಏಳ್ಬೇಡ” ಎಂದರು. ನಾವಿಬ್ಬರೂ ಆಟೊ ಹತ್ತುವಾಗ ಅಮರೇಶನಿಗೆ ಹೇಳಿದರು: “ಮೈಕ್ರೋಮೀಟರ್ ನನ್ ಹತ್ರ ಇರತ್ತೆ ಅಷ್ಟೆ. ಅದು ನಿಂದೇ. ಬಂದು ಈಸ್ಕೊ.”

ಈಗ ಮೂರು ತಿಂಗಳಾಯಿತು. ಅಮರೇಶ್ ಔಷಧಿ ತೆಗೆದುಕೊಳ್ಳುತ್ತಾನೆ, ಕೆಲಸಕ್ಕೆ ಬರುತ್ತಾನೆ. ಮುಂದಿನ ತರಬೇತಿಗೆ ಶ್ಯಾಮಣ್ಣ ತಾವೇ ಹೆಸರು ಕೊಟ್ಟು ಹೋಗಿಬಂದರು. ಸಮೋಸ ತಣ್ಣಗಿತ್ತಂತೆ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಕಾರ್ಖಾನೆಯಲ್ಲಿ, ಸಂಘದಲ್ಲಿ ಇಂಥ ತರಬೇತಿ ಬಂದರೆ ನೀವೂ ಹೆಸರು ಕೊಡಿ. ಪಕ್ಕದವರು ಬದಲಾದಂತೆ ಕಂಡರೆ ಕೇಳಿ, ಕೇಳಿಸಿಕೊಳ್ಳಿ, ಇನ್ನೊಬ್ಬರು ಬರುವ ತನಕ ಜೊತೆಗಿರಿ. 14416 ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ನಿಮಗೇ ಹಾಗನ್ನಿಸುತ್ತಿದ್ದರೆ ನೀವೇ ಕರೆ ಮಾಡಿ.

ಅಮರೇಶನಿಗೆ ಯಾಕೆ ಹಾಗಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಯೋಚನೆ ಪೂರ್ತಿ ಹೋಗಿದೆಯೋ, ಅದೂ ಗೊತ್ತಿಲ್ಲ. ಆಗಾಗ ಕೇಳುತ್ತೇನೆ. ಮೈಕ್ರೋಮೀಟರನ್ನು ಅವನಿನ್ನೂ ವಾಪಸು ಕೇಳಿಲ್ಲ. ಶ್ಯಾಮಣ್ಣ ಪ್ರತಿ ಶನಿವಾರ ಅದನ್ನು ಒರೆಸಿ, ಎಣ್ಣೆ ಹಚ್ಚಿ ಇಡುತ್ತಾರೆ.