ಎಲ್ಲರಿಗೂ ಹಿಡಿಸಿದ, ಯಾರೂ ಕೊಳ್ಳದ ಮನೆ

ಮನೆ ಮಾರಿಸಿಕೊಡುವ ಆ ಕಚೇರಿಯಲ್ಲಿ ಅವಳಿಗೆ ಜೊತೆಯವರು ಇಟ್ಟಿದ್ದ ಹೆಸರು ಯಾಕಮ್ಮ. ಗಿರಾಕಿ ಬೇಡ ಅಂದರೆ ಉಳಿದವರು ಮುಂದಿನ ಫೈಲು ಎತ್ತಿಕೊಳ್ಳುತ್ತಿದ್ದರು. ಇವಳು ಮಾತ್ರ ‘ಯಾಕೆ’ ಎಂದು ಕೇಳದೆ ಫೋನು ಇಡುತ್ತಿರಲಿಲ್ಲ. ಹಾಗಾಗಿಯೇ ಹದಿನಾಲ್ಕು ತಿಂಗಳಿಂದ ಕಚೇರಿಯ ಮೂವರ ಕೈ ಬದಲಾಯಿಸಿಯೂ ಮಾರಾಟವಾಗದೆ ಉಳಿದ ಫ್ಲಾಟೊಂದರ ಬೀಗದ ಕೈಯನ್ನು ಮ್ಯಾನೇಜರು ತಂದು ಅವಳ ಮೇಜಿನ ಮೇಲಿಟ್ಟರು.

“ತಗೋ, ನಿನ್ನ ‘ಯಾಕೆ’ಗೆ ತಕ್ಕ ಮನೆ.”

ಐದು ಮಹಡಿಯ ಕಟ್ಟಡದಲ್ಲಿ ಮೂರನೆಯ ಮಹಡಿ. ಎರಡು ಮಲಗುವ ಕೋಣೆ, ಉದ್ದನೆಯ ಹಾಲು, ಎದುರಿಗೆ ಒಂದು ಸಾರ್ವಜನಿಕ ಗ್ರಂಥಾಲಯ. ಮಾಲೀಕ ಹಡಗಿನ ಅಡುಗೆಯವನು, ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ. “ಏನು ಬೇಕಾದ್ರೂ ಮಾಡಿಸಿ, ಮಾರಿದ್ರೆ ಸಾಕು,” ಎಂದು ಫೋನಿನಲ್ಲೇ ಒಪ್ಪಿಗೆ ಕೊಟ್ಟ.

ಯಾಕಮ್ಮ ಟೊಂಕ ಕಟ್ಟಿ ನಿಂತಳು. ಪಾಚಿಬಣ್ಣದ ಹಾಲಿಗೆ ಬಿಳಿ ಸುಣ್ಣದಂಥ ಬಣ್ಣ ಹೊಡೆಸಿದಳು. ಮೊಳೆಯ ತೂತುಗಳನ್ನು ಮುಚ್ಚಿಸಿದಳು, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟಳು, ಕಿಟಕಿ ಗಾಜನ್ನು ತಾನೇ ಉಜ್ಜಿದಳು. ಬರಿದಾದ ಮನೆ ಬಂದವರಿಗೆ ಚಿಕ್ಕದಾಗಿ ಕಾಣುತ್ತದೆಂದು ತನ್ನ ಮನೆಯಿಂದ ಎರಡು ಬೆತ್ತದ ಕುರ್ಚಿ, ಒಂದು ದೀಪ ಹೊತ್ತು ತಂದಿಟ್ಟಳು. ಬಂದವರಿಗೆಲ್ಲ ಮನೆ ಹಿಡಿಸಿತು. ಹೆಂಗಸರು ಅಡುಗೆಮನೆಯ ಡ್ರಾಯರುಗಳನ್ನು ಎಳೆದು ನೋಡಿದರು, ಮಕ್ಕಳು ಈ ಕೋಣೆ ನನ್ನದು ಎಂದು ಜಗಳಕ್ಕೆ ನಿಂತವು. “ನಾಳೆ ಬಂದು ಸುತ್ತಮುತ್ತ ಒಂದ್ಸಲ ನೋಡ್ಕೊಂಡು ಹೋಗ್ತೀವಿ, ಆಮೇಲೆ ಮಾತಾಡೋಣ,” ಎನ್ನುತ್ತಿದ್ದರು. ಮೂರನೆಯ ದಿನ ಫೋನು ಮಾಡಿದರೆ ಬೇಡ. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ಯಾಕೆ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಅವಳ ತಲೆಗೆ ಹುಳ ಹೊಕ್ಕಿತು. ಕನ್ನಡಕದ ತಿರುಪು ಸಡಿಲವಾಗಿದೆಯೆಂಬ ನೆಪ ಮಾಡಿಕೊಂಡು, ಮನೆ ಬೇಡವೆಂದಿದ್ದ ಕನ್ನಡಕದಂಗಡಿಯವನ ಬಳಿಗೇ ಹೋದಳು. ಅವನು ತಿರುಪು ಬಿಗಿಯುತ್ತಾ ಬಾಯಿ ಬಿಟ್ಟ. “ಮನೆ ಚೆನ್ನಾಗಿದೆ ಮೇಡಂ. ಆದ್ರೆ ನೀರಿನ ಪೈಪು ದಡಬಡ ಅಂತ ಬಡ್ಕೊಳ್ಳುತ್ತಂತೆ.”

ಆ ಮನೆಯಲ್ಲಿ ಅವಳು ದಿನಗಟ್ಟಲೆ ಇದ್ದವಳು. ಪೈಪು ಒಂದು ದಿನವೂ ಉಸಿರೆತ್ತಿರಲಿಲ್ಲ.

ಆಮೇಲೆ ಶಿಕ್ಷಕ ದಂಪತಿಯನ್ನು ಕಂಡಳು. ಅವರು ಹೇಳಿದ್ದು, ಬೇಸಿಗೆಯಲ್ಲಿ ತಾರಸಿ ಕಾದು ಮನೆ ಒಲೆಯಾಗುತ್ತದಂತೆ. ಮೇಲೆ ಇನ್ನೂ ಎರಡು ಮಹಡಿ ಇರುವಾಗ ತಾರಸಿ ಎಲ್ಲಿಂದ ಕಾಯಬೇಕು? ಇನ್ನೊಬ್ಬ, ಸಾಬೂನು ಕಂಪನಿಯ ಮಾರಾಟಗಾರ, ಎದುರಿನ ಗೋದಾಮಿಗೆ ನಸುಕಿನಲ್ಲೇ ಲಾರಿಗಳು ಬರುತ್ತವಂತೆ ಎಂದ. ಎದುರಿಗೆ ಇದ್ದದ್ದು ಗ್ರಂಥಾಲಯ.

“ಯಾರು ಹೇಳಿದ್ರು ನಿಮಗೆ?”

ಮೂವರದ್ದೂ ಒಂದೇ ಉತ್ತರ. ಪಕ್ಕದ ಮನೆಯ ಹಿರಿಯ ಹೆಂಗಸು. ಪಾಪ, ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು ಹೇಳಿದರಂತೆ.

ಯಾಕಮ್ಮನಿಗೆ ಕೋಪಕ್ಕಿಂತ ಕುತೂಹಲವೇ ಹೆಚ್ಚಾಯಿತು. ಬೆಲೆ ಇಳಿಸಿ ತಾನೇ ಕೊಳ್ಳುವ ಹುನ್ನಾರವೇ? ಹಡಗಿನವನ ಮೇಲೆ ಹಳೆಯ ಹಗೆಯೇ? ಸುಳ್ಳೇ ಹೇಳುವುದಾದರೆ ಒಂದೇ ಸುಳ್ಳು ಸಾಕಲ್ಲ, ತಲೆಗೊಂದು ಹೊಸೆಯುವ ಕಷ್ಟ ಏಕೆ? ತಾನು ಹೋದರೆ ಗುರುತು ಸಿಕ್ಕೀತೆಂದು ಗಂಡನನ್ನು ಗಿರಾಕಿಯ ವೇಷದಲ್ಲಿ ಕಳಿಸಿದಳು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವನು ಅವನು, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ದೊಡ್ಡದು. ಎರಡು ಗಂಟೆ ಬಿಟ್ಟು ಕೈಯಲ್ಲೊಂದು ಹೂಕುಂಡ ಹಿಡಿದು ಮರಳಿದ.

“ಏನಂದ್ರು?”

“ತಗೊಳ್ಳಿ ಅಂದ್ರು.”

“ಮನೇನಾ? ಪೈಪು, ಲಾರಿ ಏನೂ ಹೇಳ್ಲಿಲ್ವಾ?”

“ಇಲ್ಲ. ಮನೇಲಿ ಎಂಥ ಚಪ್ಪಲಿ ಹಾಕ್ತೀರಿ ಅಂತ ಕೇಳಿದ್ರು. ಒಂದ್ಸಲ ಕೆಮ್ಮಿ ಅಂದ್ರು, ಕೆಮ್ಮಿದೆ. ಗೊರಕೆ ಇದ್ಯಾ ಅಂದ್ರು, ಇಲ್ಲ ಅಂದೆ.”

“ಅದು ಸುಳ್ಳು ಕಣ್ರೀ.”

“ಅದು ನೀನು ಹೇಳೋ ಮಾತು,” ಎಂದು ಅವನು ಹೂಕುಂಡವನ್ನು ಕಿಟಕಿಯಲ್ಲಿಟ್ಟ. “ಇದು ಅವರೇ ಕೊಟ್ಟಿದ್ದು. ಬೇಗ ಬನ್ನಿ ಅಂದ್ರು.”

ಮರುದಿನ ಹನ್ನೊಂದು ಗಂಟೆಗೆ ಯಾಕಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿದಳು. ತೆರೆದವಳು ಗಿಡ್ಡನೆಯ, ಬೆಳ್ಳಿಗೂದಲನ್ನು ಮೋಟಾಗಿ ಕತ್ತರಿಸಿಕೊಂಡ ಹೆಂಗಸು.

“ಬನ್ನಿ ಬನ್ನಿ. ‘ಇಲ್ಲಿ ಬೆಳಕು ಎಷ್ಟು ಚೆನ್ನಾಗಿದೆ ನೋಡಿ’ ಅನ್ನೋರು ನೀವೇ ತಾನೇ?”

ಯಾಕಮ್ಮ ಬೆಪ್ಪಾದಳು. ಅದು ಪಕ್ಕದ ಮನೆಯೊಳಗೆ ಅವಳು ಗಿರಾಕಿಗಳಿಗೆ ಹೇಳುತ್ತಿದ್ದ ಮಾತು. ಒಳಗೆ ಕುರ್ಚಿಗಳ ಕಾಲಿಗೆಲ್ಲ ಉಣ್ಣೆಬಟ್ಟೆ ಸುತ್ತಿತ್ತು. ಗೋಡೆಯ ಗಡಿಯಾರ ನಿಂತಿತ್ತು. ಚಹಾದ ಬಟ್ಟಲು ಕೂಡ ಸದ್ದಾಗದ ಹಾಗೆ ದಪ್ಪ ಬಟ್ಟೆಯ ಮೇಲೆ ಬಂದು ಕೂತಿತು. ನಿನ್ನೆ ಬಂದವನು ತನ್ನ ಗಂಡನೆಂದೂ, ಅವನು ಮನೆ ಕೊಳ್ಳುವವನಲ್ಲವೆಂದೂ ಅವಳು ಒಪ್ಪಿಕೊಂಡಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಆ ಹೆಂಗಸಿನ ಮುಖ ಮಾತ್ರ ಸಪ್ಪಗಾಯಿತು.

“ಹಾಗಾದ್ರೆ ಅವರು ಬರೋದಿಲ್ವಾ? ಎಂಥ ನಿಶ್ಶಬ್ದದ ಮನುಷ್ಯ.”

“ಅಮ್ಮಾ, ಬೇರೆಯವರಿಗೆಲ್ಲ ಯಾಕೆ ಹಾಗೆ ಹೇಳಿದ್ರಿ?”

ಆ ಹೆಂಗಸು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿ ದುಡಿದವಳಂತೆ. “ಬೇರೆಯವರಿಗೆ ನಿವೃತ್ತಿಯಾದ್ರೆ ಕೈಕಾಲು ಸುಮ್ಮನಾಗುತ್ತೆ. ನನ್ನ ಕಿವಿ ಸುಮ್ಮನಾಗಲಿಲ್ಲ ಮಗಳೇ. ಕನ್ನಡಕದವರು ನಿಂತಲ್ಲೆಲ್ಲ ಗೋಡೆ ಮೇಲೆ ಬೆರಳು ಬಾರಿಸ್ತಾರೆ. ಆ ಮೇಷ್ಟ್ರು ದಂಪತಿ ಪರದೆ ಬಣ್ಣಕ್ಕೇ ಮುಕ್ಕಾಲು ಗಂಟೆ ಕಿತ್ತಾಡಿದ್ರು. ಸಾಬೂನಿನವರು ಫೋನಿನಲ್ಲಿ ಮಾತಾಡಿದ್ರೆ ಈ ಕಡೆ ನಾನು ಹಲೋ ಅನ್ನಬೇಕು. ಅವರು ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?”

ಗೋಡೆಗೂ ಕಿವಿ ಇದೆ ಎಂಬ ಮಾತನ್ನು ಯಾಕಮ್ಮ ಕೇಳಿದ್ದಳು, ಅದರ ಎದುರು ಕೂತು ಚಹಾ ಕುಡಿದಿರಲಿಲ್ಲ. ಆದರೂ ನಂಬಿಕೆ ಬರಲಿಲ್ಲ. ಬೀಗದ ಕೈ ಕೊಟ್ಟು, “ಆ ಮನೆಗೆ ಹೋಗಿ ಪೇಪರಿನಲ್ಲಿ ಏನಾದ್ರೂ ಓದ್ತೀರಾ? ಮಾಮೂಲಿ ಧ್ವನೀಲೇ,” ಎಂದಳು. ತಾನು ಈ ಬದಿಯಲ್ಲಿ ಗೋಡೆಗೆ ಕಿವಿಯಿಟ್ಟಳು. ಹವಾಮಾನ ವರದಿ ಅಕ್ಷರ ಅಕ್ಷರವಾಗಿ ಬಂತು. ನಡುವೆ ಪುಟ ತಿರುಗಿಸಿದ್ದೂ ಕೇಳಿಸಿತು.

ಸುಳ್ಳು ಹೇಳಿದ ಹೆಂಗಸು ಸುಳ್ಳಿಯಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಬಣ್ಣ, ದೀಪ, ಕುರ್ಚಿ ಎಂದು ತಾನು ಮನೆಗೆ ಸಿಂಗಾರ ಮಾಡುತ್ತಿದ್ದಾಗ ಅದರ ನಿಜವಾದ ಹುಳುಕು ಎರಡು ಮನೆಗಳ ನಡುವೆ ನೆಟ್ಟಗೆ ನಿಂತಿತ್ತು. ಕಟ್ಟಿದವನು ಅಲ್ಲಿ ಒಂದೇ ಸಾಲು ಟೊಳ್ಳು ಇಟ್ಟಿಗೆ ಇಟ್ಟು ಕೈತೊಳೆದುಕೊಂಡಿದ್ದ. ಯಾರು ಕೊಂಡಿದ್ದರೂ ವಾರದೊಳಗೆ ಅವಳ ಕಚೇರಿಗೆ ಬಂದು ಕೂಗಾಡುತ್ತಿದ್ದರು.

ಅವಳು ಹಡಗಿನವನಿಗೆ ಫೋನು ಮಾಡಿದಳು.

“ಓ, ಆ ಗೋಡೆಯಾ?” ಎಂದ ಅವನು. “ಹಡಗು ಸೇರೋ ಮೊದಲು ಒಂಬತ್ತು ವರ್ಷ ಆ ಮನೇಲಿ ಪಿಸುಗುಟ್ಟಿಕೊಂಡೇ ಬದುಕಿದ್ದೀನಿ. ಹಡಗಿನ ಇಂಜಿನ್ ಪಕ್ಕ ಮಲಗಿದ ಮೇಲೇ ನನಗೆ ನಿದ್ದೆ ಬಂದಿದ್ದು.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ಯಾರು ಕೊಳ್ತಾರೆ?”

ಹೇಳದೆಯೂ ಯಾರು ಕೊಂಡರು ಎಂದು ಅವಳು ಕೇಳಲಿಲ್ಲ. ಅವನನ್ನು ಒಪ್ಪಿಸಿ ಬಡಗಿಯನ್ನು ಕರೆಸಿದಳು. ಗೋಡೆಗೆ ತಾಗದಂತೆ ಮರದ ಚೌಕಟ್ಟು ನಿಂತಿತು, ಅದರೊಳಗೆ ಉಣ್ಣೆಯ ಹಾಸು, ಮೇಲೆ ಎರಡು ಪದರ ಹಲಗೆ. ಹಾಲು ಒಂದು ಗೇಣು ಚಿಕ್ಕದಾಯಿತು. ಐದನೆಯ ದಿನ ಬಣ್ಣ ಒಣಗಿದಾಗ ಆಪರೇಟರಮ್ಮ ತನ್ನ ಮನೆಯಲ್ಲಿ ಗೋಡೆಗೊರಗಿ ಕೂತಳು. ಯಾಕಮ್ಮ ಈಚೆ ನಿಂತು ಮಗ್ಗಿ ಹೇಳಿದಳು, ಹಾಡಿದಳು, ಸೌಟು ಕೆಳಗೆ ಬೀಳಿಸಿದಳು, ಕೊನೆಗೆ ಬೆತ್ತದ ಕುರ್ಚಿಯನ್ನು ದರದರ ಎಳೆದಾಡಿದಳು. ಆಮೇಲೆ ಓಡಿ ಹೋಗಿ ನೋಡಿದರೆ ಆಪರೇಟರಮ್ಮ ಮಡಿಲಲ್ಲಿ ಕೈಯಿಟ್ಟು ಕೂತಿದ್ದಾಳೆ.

“ಶುರು ಮಾಡಿದ್ರಾ?”

“ಎಲ್ಲಾ ಮುಗೀತು ಅಮ್ಮಾ. ಹಾಡೂ ಹೇಳಿದೆ.”

“ಹಾಡಿದ್ರಾ?” ಆ ಮುಖದಲ್ಲಿ ಸಂತೋಷವೂ ಇತ್ತು, ಇನ್ನೇನೋ ಕಳೆದುಕೊಂಡ ಹಾಗೂ ಇತ್ತು. “ಯಾವ ಹಾಡು? ಸ್ವಲ್ಪ ಹೇಳಿ ನೋಡೋಣ.”

ಯಾಕಮ್ಮ ಅಲ್ಲೇ ಕುರ್ಚಿಯ ಅಂಚಿನಲ್ಲಿ ಕೂತು ಇನ್ನೊಮ್ಮೆ ಹಾಡಬೇಕಾಯಿತು. ಅವಳ ರಾಗ ಅಷ್ಟಕ್ಕಷ್ಟೇ. ಆಪರೇಟರಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

ಅಲ್ಲಿಂದ ಮುಂದೆ ಯಾಕಮ್ಮ ಬಂದವರಿಗೆಲ್ಲ ಮೊದಲು ತೋರಿಸಿದ್ದು ಬೆಳಕನ್ನಲ್ಲ, ಗೋಡೆಯನ್ನು. ಹೀಗಿತ್ತು, ಹೀಗೆ ಮಾಡಿಸಿದ್ದೇವೆ, ಬೇಕಾದರೆ ಕೂಗಿ ನೋಡಿ ಎಂದಳು. ಕೆಲವರು ಅದನ್ನು ಕೇಳಿಯೇ ಮೂಗು ಮುರಿದು ಹೋದರು. ನಾಲ್ಕನೆಯವಳಾಗಿ ಬಂದವಳು ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವಳು. ಜೊತೆಗೆ ಅವಳ ಅತ್ತೆ ಇದ್ದರು, ಅವರಿಗೆ ಕಿವಿ ಮಂದ. “ನಾವಿಬ್ರು ಊಟಕ್ಕೆ ಕೂತ್ರೇ ಬೀದಿಗೆಲ್ಲ ಕೇಳುತ್ತೆ,” ಎಂದಳು ಅವಳು. “ಮೂರು ಮನೆ ಬಿಟ್ಟಿದ್ದೀವಿ ಇದಕ್ಕೇ.” ಆಮೇಲೆ ಗೋಡೆಯೆದುರು ನಿಂತು, ಮೀನಿನ ಬುಟ್ಟಿಯೊಂದನ್ನು ಹರಾಜಿಗೆ ಹಾಕಿದಳು. ಕಿಟಕಿಯ ಗಾಜು ಝಲ್ಲೆಂದಿತು. ಗೋಡೆಯಾಚೆಯಿಂದ ಸದ್ದಿಲ್ಲ.

ಹೊರಗೆ ಬಂದರೆ ಆಪರೇಟರಮ್ಮ ಬಾಗಿಲಲ್ಲೇ ನಿಂತಿದ್ದಾಳೆ, ಚಹಾಕ್ಕೆ ಬನ್ನಿ ಎಂದು. ಯಾಕಮ್ಮ ತಡೆಯುವ ಮೊದಲೇ ಅತ್ತೆ ಸೊಸೆ ಇಬ್ಬರೂ ಒಳಗೆ ಹೋಗಿಯಾಗಿತ್ತು. ಅವಳು ಮೆಟ್ಟಿಲ ಮೇಲೆ ಅರ್ಧ ಗಂಟೆ ಉಗುರು ಕಚ್ಚುತ್ತಾ ಕೂತಳು. ಬಾಗಿಲು ತೆರೆದಾಗ ನಗು ಮೊದಲು ಬಂತು, ಮನುಷ್ಯರು ಆಮೇಲೆ. ಹರಾಜಿನವಳು ಅತ್ತೆಯ ಕೈ ಹಿಡಿದು, “ಕಾಗದಪತ್ರ ಮಾಡಿಸಿ, ನಾಳೆ ಬರ್ತೀವಿ,” ಎಂದು ಇಳಿದು ಹೋದಳು.

“ಏನಾದ್ರೂ ಸುಳ್ಳು ಹೇಳಿದ್ರಾ ಅಮ್ಮಾ?” ಯಾಕಮ್ಮ ಮೆಲ್ಲಗೆ ಕೇಳಿದಳು.

“ಒಂದು ಹೇಳಿಬಿಟ್ಟೆ, ಅಭ್ಯಾಸಬಲ. ಪೈಪು ಬಡ್ಕೊಳ್ಳುತ್ತೆ ಅಂದೆ. ‘ಬಡ್ಕೊಳ್ಳಲಿ ಬಿಡಿ, ನಾನು ಅದಕ್ಕಿಂತ ಜೋರು’ ಅಂದ್ಲು.” ಆಪರೇಟರಮ್ಮ ಬಾಗಿಲ ಚೌಕಟ್ಟಿಗೆ ಒರಗಿದಳು. “ಎಂಥ ಗಂಟಲು ಅದು. ತಂತಿ ಹರಿದುಹೋಗಿದ್ರೂ ಆ ಕಡೆಗೆ ಮುಟ್ಟುತ್ತಿತ್ತು.”

ಮುಂದಿನ ತಿಂಗಳು ಅತ್ತೆ ಸೊಸೆ ಬಂದು ಸೇರಿದರು. ಹಡಗಿನವನು ಯಾವುದೋ ಬಂದರಿನಿಂದ ಫೋನು ಮಾಡಿ ಧನ್ಯವಾದ ಹೇಳಿದ. ಯಾಕಮ್ಮ ತನ್ನ ಎರಡು ಕುರ್ಚಿ, ದೀಪವನ್ನು ಹೊತ್ತುಕೊಂಡು ಮನೆಗೆ ಬಂದಳು.

ಒಂದು ವಾರ ಕಳೆದಿರಬೇಕು, ಕಚೇರಿಯ ಫೋನು ರಿಂಗಣಿಸಿತು. ಆಪರೇಟರಮ್ಮ.

“ಮಗಳೇ, ಏನೂ ತೊಂದರೆ ಇಲ್ಲ. ಆ ಹುಡುಗಿ ಇಷ್ಟು ಹೊತ್ತಿಗೆ ಮಾರುಕಟ್ಟೆಯಿಂದ ಬಂದಿರ್ತಾಳೆ. ಒಳಗೆ ಏನು ಮಾಡ್ತಾಳೆ, ಅತ್ತೆ ಹತ್ರ ಏನು ಮಾತಾಡ್ತಾಳೆ, ಒಂದೂ ತಿಳೀತಾ ಇಲ್ಲ. ಹೋಗಿ ಬಾಗಿಲು ತಟ್ಟಿದ್ರೆ ತಪ್ಪು ತಿಳ್ಕೊಳ್ತಾಳಾ?”

“ಇಲ್ಲ ಅಮ್ಮಾ,” ಎಂದಳು ಯಾಕಮ್ಮ. “ಜೋರಾಗಿ ತಟ್ಟಿ. ಅತ್ತೆಗೆ ಕೇಳಿಸಬೇಕಲ್ಲ.”